ನೀಲಿಯ ಮೇಲೆ ನೀಲಿ

"ಬೂಟು ಹೊರಗೆ ಬಿಡ್ರಿ ಸಾರ್. ಧೂಳು ಅಂದ್ರೆ ಕಂಪ್ಯೂಟರಿಗೆ ಆಗಲ್ಲ."

ಪತ್ರ ಬರೆಯುವ ಅಂಗಡಿಯ ಪಂಚಾಕ್ಷರಪ್ಪ ಹಾಗೆಂದಾಗ ಸಬ್ ಇನ್‌ಸ್ಪೆಕ್ಟರ್ ತಿಪ್ಪೇರುದ್ರಸ್ವಾಮಿ ಬಗ್ಗಿ ಲೇಸು ಬಿಚ್ಚಿದರು. ಕಾಲುಚೀಲದ ಹೆಬ್ಬೆರಳಿನಲ್ಲಿ ಒಂದು ತೂತು ಇತ್ತು. ಕಾನ್‌ಸ್ಟೇಬಲ್ ಬೈಲಪ್ಪ ಅದನ್ನು ನೋಡಿಯೂ ನೋಡದವನಂತೆ ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿದ.

ಒಳಗೆ ಮೇಜಿನ ಮೇಲೆ ಕಂಪ್ಯೂಟರ್ ಕೂತಿತ್ತು. ಹಣೆಗೆ ವಿಭೂತಿ, ಕೊರಳಿಗೆ ಬಾಡಿದ ಸೇವಂತಿಗೆ ಹಾರ. ಕೆಳಗೆ ಸ್ಟೆಬಿಲೈಜರ್ ಗುಂಯ್‌ಗುಡುತ್ತಿತ್ತು. ದಾವಣಗೆರೆ ಇನ್ನೂ ಜಿಲ್ಲೆಯಾಗಿರದ ಕಾಲ. ಚನ್ನಗಿರಿಗೆ ಅದು ಬಂದು ವರ್ಷವಾಗಿರಲಿಲ್ಲ. ಇತ್ತ ಹೊನ್ನಾಳಿ, ಅತ್ತ ನ್ಯಾಮತಿ, ಸವಳಂಗದ ತನಕ ಇಂಥ ಬಣ್ಣದ ಪರದೆ ಬೇರೆ ಯಾರ ಹತ್ತಿರವೂ ಇಲ್ಲ ಎಂದು ಪಂಚಾಕ್ಷರಪ್ಪ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೇ ಬರೆಸಿದ್ದ.

ಆ ಪರದೆಯ ನೀಲಿಯಲ್ಲಿ ಈಗ ಬಿಳಿಯ ಅಕ್ಷರಗಳು ನಿಂತಿದ್ದವು. ನಡುವೆ, ಎಲ್ಲರ ಕಣ್ಣಿಗೂ ರಾಚುವಂತೆ, ಆ ಎರಡು ಸಾಲು.

"ಸದರಿ ಜಾಗ ಊರಿಗೆ ಸೇರಿದ್ದಾದರೂ ಅದರೊಳಗಿನ ಬಾವಿ ಮತ್ತು ಬಾವಿಯ ನೀರಿನ ಸಂಪೂರ್ಣ ಹಕ್ಕು ನನ್ನ ಅಣ್ಣನ ಮಗ ದುರುಗಪ್ಪನದೇ ಆಗಿರುತ್ತದೆ."

"ನೋಡ್ರಿ, ಐತಲ್ಲ?" ಎಂದ ಪಂಚಾಕ್ಷರಪ್ಪ. "ಪರದೆ ಮ್ಯಾಗೆ ಇರಲಿಲ್ಲ, ಇರಲಿಲ್ಲ ಅಂತ ಸ್ಟೇಷನ್‌ನಾಗೆ ಬಾಯಿ ಬಡ್ಕಂಡಳಲ್ಲ ಈಕಿ. ಕಣ್ಣೆದುರಿಗೇ ಐತೆ."

ರುದ್ರಾಣಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಇಪ್ಪತ್ತೆರಡರ ಹುಡುಗಿ. ಈ ಅಂಗಡಿಯಲ್ಲಿ ಕೀಲಿಮಣೆ ಒತ್ತಿ ಮನೆ ನಡೆಸುತ್ತಿದ್ದವಳು. ಜಗಳೂರಿನ ಭೀಮಕ್ಕನ ದಾನಪತ್ರವನ್ನು ಅವಳ ಊರವರ ಮುಂದೆ ಓದಿ ಹೇಳಿದ್ದು ಇವಳೇ. ಓದುವಾಗ ಬೇಕೆಂದೇ ಎರಡು ಸಾಲು ನುಂಗಿದಳು ಎಂದು ಊರೇ ದೂರು ಕೊಟ್ಟಿತ್ತು. ಸಂಜೆಯೊಳಗೆ ಇವಳನ್ನು ಕೋರ್ಟಿಗೆ ಹಾಜರು ಮಾಡಬೇಕೆಂದು ತಿಪ್ಪೇರುದ್ರಸ್ವಾಮಿಗೆ ಮೇಲಿನಿಂದ ಹುಕುಂ ಬಂದಿತ್ತು. ಒಮ್ಮೆ ಆ ಮೆಟ್ಟಿಲು ಹತ್ತಿದರೆ, ಬಿಡುಗಡೆಯಾಗಿ ಬಂದರೂ ಈ ಊರಲ್ಲಿ ಇವಳನ್ನು ಯಾರೂ ಯಾವ ಕಾಗದದ ಹತ್ತಿರಕ್ಕೂ ಬಿಡುವುದಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಸಾರ್, ಆವತ್ತು ಇದು ಇರಲಿಲ್ಲ," ಎಂದಳು ರುದ್ರಾಣಿ. "ನಮ್ಮವ್ವನ ಆಣೆ. ಇದ್ದಿದ್ರೆ ಓದದೇ ಇರ್ತಿದ್ನಾ?"

"ಆಣೆ ಇಡಾಕೆ ಏನು ಖರ್ಚು?" ಪಂಚಾಕ್ಷರಪ್ಪ ನಕ್ಕ.

ಕಂಪ್ಯೂಟರ್ ಎಂದರೆ ತಿಪ್ಪೇರುದ್ರಸ್ವಾಮಿಗೆ ಅದರ ಮೇಲಿನ ವಿಭೂತಿಯಷ್ಟೇ ಅರ್ಥವಾಗುತ್ತಿತ್ತು. ಆದರೆ ಹದಿನೆಂಟು ವರ್ಷ ಸುಳ್ಳು ಕೇಳಿ ಕೇಳಿ ಪಳಗಿದ ಕಿವಿ ಅದು. ಈ ಹುಡುಗಿಯ ಧ್ವನಿಯಲ್ಲಿ ಸುಳ್ಳಿನ ವಾಸನೆ ಅದಕ್ಕೆ ಹತ್ತಿರಲಿಲ್ಲ.

ಅವರು ನೆಲದ ಮೇಲೆ ಕೂತಿದ್ದ ಮುದುಕಿಯ ಕಡೆ ತಿರುಗಿದರು. ತಾವು ಮೊನ್ನೆ ಮೊನ್ನೆಯವರೆಗೆ ಕೆಲಸ ಮಾಡಿದ್ದ ಜಗಳೂರಿನಿಂದ ಬೆಳಗಿನ ಬಸ್ಸಿಗೇ ಕರೆಸಿದ್ದರು. ಕುರ್ಚಿ ಕೊಟ್ಟರೆ ಬೇಡವೆಂದು ಗೋಡೆಗೊರಗಿ ಕೂತಿದ್ದಳು ಭೀಮಕ್ಕ. ಬೇಸಿಗೆಯಲ್ಲೂ ಬತ್ತದ ಬಾವಿ ಅವಳದು. ನಾಲ್ಕು ಹಟ್ಟಿಯ ಜನ, ಕುರಿ ಎಲ್ಲ ಅದನ್ನೇ ನಂಬಿದ್ದವು. ಅದನ್ನು ಊರಿಗೇ ಬರೆದುಕೊಟ್ಟಳು. ತಿಂಗಳೊಳಗೆ ಅಣ್ಣನ ಮಗ ದುರುಗಪ್ಪ ಬಾವಿಯ ಸುತ್ತ ತಂತಿ ಎಳೆದು ಬೀಗ ಹಾಕಿದ. ಕೇಳಿದವರಿಗೆ ಪತ್ರ ತೋರಿಸಿದ. ಕೊಟ್ಟಂತೆ ಮಾಡಿ ಕಿತ್ತುಕೊಂಡಳು ಎಂದು ಹಟ್ಟಿಯವರು ಮುದುಕಿಯ ಮನೆ ಮುಂದೆ ಹಾಯುವುದನ್ನೇ ಬಿಟ್ಟರು.

"ಅಜ್ಜೀ, ಆವತ್ತು ಇಲ್ಲಿ ನಡೆದದ್ದು ಮೊದಲಿಂದ ಹೇಳು."

"ಏನೈತಪ್ಪ ಹೇಳಾಕೆ. ಕಂಪೂಟ್ರು ನೋಡ್ಬೇಕು ಅಂತ ಟೆಂಪೋ ತುಂಬ ಜನ ಬಂದಿದ್ರು. ನಮ್ಮ ದುರುಗನೇ ಹೇಳಿದ್ದ, ಕಂಪೂಟ್ರಿನಾಗೆ ಬರೆಸಿದ್ರೆ ಯಾರೂ ತಿದ್ದಾಕೆ ಬರಲ್ಲ ಅತ್ತೆ ಅಂತ. ಈ ಮಗ ಓದಿದ್ಲು. ನಾವೆಲ್ಲ ಆ ಪೆಟ್ಟಿಗೆ ನೋಡ್ಕೊಂತ ಕೇಳಿದ್ವಿ. ಆಮ್ಯಾಲೆ ಎಲೆ ಅಡಿಕೆ ಕೊಟ್ಟೆ. ಕಾಗದ ಕರ್‌ಕರ್ ಅಂತ ಬಂತು. ಹೆಬ್ಬೆಟ್ಟು ಒತ್ತಿದೆ."

"ಬಂದ ಕಾಗದ ಯಾರೂ ಓದಲಿಲ್ಲವಾ?"

ಮುದುಕಿ ಅವರನ್ನೇ ದಿಟ್ಟಿಸಿದಳು. "ಎಲೆ ಅಡಿಕೆ ಕೊಟ್ಟ ಮ್ಯಾಲೆ ಮತ್ತೆ ಓದ್ತಾರೇನಪ್ಪ? ಕೊಟ್ಟೋರ ಕೈ ಮ್ಯಾಗೆ ಅನುಮಾನ ಪಟ್ಟಂಗೆ ಆಗಲ್ವಾ?"

ಅಲ್ಲಿತ್ತು ಎಡವಟ್ಟು. ಹಿಂದೆಲ್ಲ ಪತ್ರ ಬರೆಯುವವನು ಕೈಯಲ್ಲಿ ಬರೆದ ಕಾಗದವನ್ನೇ ಓದಿ ಹೇಳುತ್ತಿದ್ದ. ಓದಿದ್ದೂ ಅದೇ, ಹೆಬ್ಬೆಟ್ಟು ಒತ್ತುತ್ತಿದ್ದದ್ದೂ ಅದಕ್ಕೇ. ಈಗ ಓದಿದ್ದು ಪರದೆಯನ್ನು, ಒತ್ತಿದ್ದು ಕಾಗದಕ್ಕೆ. ನಡುವೆ ಎಲೆ ಅಡಿಕೆ ಬಂದು ಎಲ್ಲರ ಬಾಯಿಗೂ ಬೀಗ ಹಾಕಿತ್ತು. ಸಬ್ ರಿಜಿಸ್ಟ್ರಾರ್ ಕೇಳಿದಾಗಲೂ ಮುದುಕಿ, 'ಓದಿಸಿ ಕೇಳೀನಿ ಸಾಮಿ' ಎಂದುಬಿಟ್ಟಿದ್ದಳು. ಸುಳ್ಳೇನೂ ಹೇಳಿರಲಿಲ್ಲ.

"ಒಂದು ಮಾತು," ಎಂದಳು ಭೀಮಕ್ಕ. "ನಂಗೆ ಓದಾಕೆ ಬರಲ್ಲ. ಆದ್ರೆ ಆವತ್ತು ಪೆಟ್ಟಿಗಿನಾಗೆ ನಡುವೆ ಖಾಲಿ ಇತ್ತು. ನನ್ನ ಬಾಯಿನಂಗೆ." ಬಾಯಿ ತೆರೆದು ಮುಂದಿನ ಎರಡು ಹಲ್ಲು ಬಿದ್ದ ಜಾಗ ತೋರಿಸಿದಳು. "ಈಗ ಆ ಖಾಲಿ ಇಲ್ಲ."

"ಹೌದು ಸಾರ್!" ರುದ್ರಾಣಿ ಎದ್ದು ನಿಂತಳು. "ನಾನು ಹೊಡೆದಾಗ ಆ ಖಾಲಿ ಇರಲಿಲ್ಲ. ಓದಾಕೆ ಕೂತಾಗ ಕಂಡು ಕೇಳಿದ್ದೆ, ಯಾಕೆ ಜಾಗ ಬಿಟ್ಟೈತೆ ಅಂತ. ಮೊಹರಿಗೆ ಇರ್ಲಿ ಬಿಡು ಅಂದ್ರು ಸಾಹುಕಾರ್ರು."

ಪಂಚಾಕ್ಷರಪ್ಪ ಹೆಗಲ ಮೇಲಿನ ಟವಲನ್ನು ಒಮ್ಮೆ ಸರಿಮಾಡಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ.

"ನಾನು ಅಂದೆನಾ? ನೆನಪಿಲ್ಲ ಸಾರ್. ಕಂಪ್ಯೂಟರ್ ನಂಗೆಲ್ಲಿ ಬರ್ತೈತೆ? ನಾನು ಮಸಿ ಪೆನ್ನಿನ ಕಾಲದೋನು. ಇದನ್ನ ಆನ್ ಮಾಡಾಕೂ ಈಕೀನೇ ಬೇಕು."

ಅದೇನೋ ನಿಜದಂತೆಯೇ ಕಂಡಿತ್ತು. ಬೆಳಗಿನಿಂದ ಒಂದೊಂದು ಗುಂಡಿಗೂ ತೋರುಬೆರಳು ನೆಟ್ಟಗೆ ಮಾಡಿಕೊಂಡು, ಹೇನು ಹುಡುಕುವವನ ಹಾಗೆ ಹುಡುಕುತ್ತಿದ್ದ.

"ಅದಿರಲಿ ಪಂಚಾಕ್ಷರಪ್ಪನೋರೆ. ಜಗಳೂರಿನೋರು ದಾವಣಗೆರೆ ದಾಟಿ ಇಲ್ಲಿಗೆ ಬಂದ್ರು. ದಾವಣಗೆರೆಯಲ್ಲಿ ಪತ್ರ ಬರೆಯೋರಿಗೆ ಬರವಾ?"

"ಕಂಪ್ಯೂಟರ್ ಆಸೆ ಸಾರ್."

"ಅಲ್ಲೂ ಐತಲ್ರಿ ಕಂಪ್ಯೂಟರ್."

"ಬಣ್ಣದ್ದು ಇಲ್ಲ ಸಾರ್," ಎಂದ. ಎಂದವನು ತಟಕ್ಕನೆ ನಾಲಿಗೆ ಕಚ್ಚಿಕೊಂಡ.

ಬಣ್ಣದ್ದು. ತಿಪ್ಪೇರುದ್ರಸ್ವಾಮಿ ಆ ಮಾತನ್ನು ಹಿಡಿದುಕೊಂಡರು.

"ರುದ್ರಾಣಿ, ಕೂರಮ್ಮ. ಈ ಬಣ್ಣಗಳನ್ನ ಯಾರು ಇಡ್ತಾರೆ?"

"ನಮಗೆ ಬೇಕಾದಂಗೆ ಇಟ್ಕೊಬೋದು ಸಾರ್. ದಪ್ಪ ಅಕ್ಷರ, ಅಡಿಗೆರೆ ಅಕ್ಷರ, ಓರೆ ಅಕ್ಷರ, ನೆರಳು ಅಕ್ಷರ ಅಂತ ಜಾತಿ ಐತೆ. ಪರದೆ ಮ್ಯಾಗೆ ಎಲ್ಲ ಒಂದೇ ತರ ಕಾಣ್ತಾವೆ ಅಂತ ಒಂದೊಂದಕ್ಕೆ ಒಂದೊಂದು ಬಣ್ಣ. ದಪ್ಪಕ್ಕೆ ನಾನು ಹಳದಿ ಇಟ್ಟಿದ್ದೆ. ಅಡಿಗೆರೆಗೆ ಹಸಿರು. ಕಣ್ಣಿಗೆ ಗುರುತು ಸಿಗಲಿ ಅಂತ, ಅಷ್ಟೇ. ಕಾಗದದ ಮ್ಯಾಗೆ ಬಣ್ಣ ಬರಲ್ಲ."

"ನೆರಳು ಅಕ್ಷರ ಅಂದ್ರೆ?"

"ಅಕ್ಷರದ ಹಿಂದೆ ನೆರಳು ಬಿದ್ದಂಗೆ. ನಮ್ಮ ಪ್ರಿಂಟರಿಗೆ ಅದು ಬರಲ್ಲ ಸಾರ್. ಮಾಮೂಲಿ ಅಕ್ಷರದಂಗೇ ಒತ್ತುತ್ತೈತೆ. ಅದಕ್ಕೇ ಯಾರೂ ಬಳಸಲ್ಲ."

"ಈ ಎರಡು ಸಾಲು ಯಾವ ಜಾತಿ ಅಂತ ಗೊತ್ತಾಗ್ತದಾ?"

ಅವಳು ಒಂದು ಗುಂಡಿ ಒತ್ತಿದಳು. ಪರದೆ ಎರಡು ಹೋಳಾಯಿತು. ಕೆಳಗಿನ ಹೋಳಿನಲ್ಲಿ, ಅದುವರೆಗೆ ಅಡಗಿದ್ದ ಗುರುತುಗಳೆಲ್ಲ ಅಕ್ಷರಗಳ ನಡುವೆ ಕಾಣಿಸಿಕೊಂಡವು. ರುದ್ರಾಣಿಯ ಬೆರಳು ಒಂದು ಕಡೆ ನಿಂತಿತು. 'ಸದರಿ' ಎಂಬ ಮಾತಿನ ಹಿಂದೆ ಒಂದು ಗುರುತು. 'ಆಗಿರುತ್ತದೆ' ಎಂಬುದರ ಮುಂದೆ ಇನ್ನೊಂದು.

"ನೆರಳು ಸಾರ್," ಎಂದು ಪಿಸುಗುಟ್ಟಿದಳು. "ಇಡೀ ಪತ್ರದಾಗೆ ಇವೆರಡೇ ಸಾಲು ನೆರಳು."

ಅವಳ ಬೆರಳು ಈಗ ತಾನಾಗಿ ಓಡಿತು. ಬಣ್ಣಗಳ ಪಟ್ಟಿ ಬಂತು. ದಪ್ಪ, ಹಳದಿ. ಅಡಿಗೆರೆ, ಹಸಿರು. ನೆರಳಿನ ಮುಂದೆ ಬಿಳಿ.

"ಇದನ್ನ ಯಾರೋ ಮುಟ್ಯಾರೆ. ನಾನು ನೆರಳಿಗೆ ಬೂದಿ ಬಣ್ಣ ಬಿಟ್ಟಿದ್ದೆ, ಮೆಷಿನ್ನು ಬಂದಾಗ ಹೆಂಗಿತ್ತೋ ಹಂಗೆ."

ತಿಪ್ಪೇರುದ್ರಸ್ವಾಮಿ ಬಗ್ಗಿ ಪರದೆಯ ನೀಲಿಯನ್ನು ನೋಡಿದರು. ಮನಸ್ಸಿನಲ್ಲಿ ಏನೋ ಟಣ್ ಎಂದಿತು.

"ನೆರಳಿಗೆ ನೀಲಿ ಇಡಮ್ಮ. ಈ ಪರದೆಯದೇ ನೀಲಿ."

ಇಟ್ಟಳು. ಪಟ್ಟಿ ಮುಚ್ಚಿ ಪತ್ರಕ್ಕೆ ವಾಪಸ್ಸು ಬಂದಳು.

ಆ ಎರಡು ಸಾಲು ಇರಲಿಲ್ಲ. ಇದ್ದ ಜಾಗದಲ್ಲಿ ಬರೀ ನೀಲಿ. ಮೇಲಿನ ಸಾಲು ಮೇಲೆ, ಕೆಳಗಿನದು ಕೆಳಗೆ, ನಡುವೆ ಭೀಮಕ್ಕನ ಬಾಯಿಯಂತೆ ಖಾಲಿ.

"ಇದೇ! ಇದೇ!" ಮುದುಕಿ ನೆಲ ತಟ್ಟಿದಳು. "ಹಿಂಗೇ ಇತ್ತು!"

ಬೈಲಪ್ಪ ಕ್ಯಾಲೆಂಡರ್ ಬಿಟ್ಟು ಓಡಿ ಬಂದ. "ಎಲಾ ಇವನ! ಅಕ್ಷರ ಅಲ್ಲೇ ಐತೆ, ಕಾಣಂಗಿಲ್ಲ! ಕಾಗದಕ್ಕೆ ಮಾತ್ರ ಬರ್ತೈತೆ!"

ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಹದಿನೈದು ದಿನದಿಂದ ತನ್ನ ಕಣ್ಣನ್ನೇ ತಾನು ನಂಬದೆ ಒದ್ದಾಡಿದ್ದಳು ಪಾಪ. ತಿಪ್ಪೇರುದ್ರಸ್ವಾಮಿಗೆ ಅವಳ ತಲೆ ಸವರಬೇಕೆನ್ನಿಸಿತು. ಮೈಮೇಲೆ ಖಾಕಿ ಇತ್ತು, ಕೈ ಹಿಂದೆ ಕಟ್ಟಿಕೊಂಡರು.

ಆಗ ಪಂಚಾಕ್ಷರಪ್ಪ ನಿಧಾನವಾಗಿ ಚಪ್ಪಾಳೆ ತಟ್ಟಿದ.

"ನೋಡಿದ್ರಾ ಸಾರ್? ಒಂದು ಗಳಿಗೆಯಾಗೆ ಮಾಡಿ ತೋರಿಸಿಬಿಟ್ಲು. ಈ ಊರಾಗೆ ಇದು ಬರೋದು ಯಾರಿಗೆ? ಈಕೀಗೆ ಒಬ್ಬಳಿಗೇ. ಪತ್ರ ಹೊಡೆದೋಳು ಈಕಿ, ಓದಿದೋಳು ಈಕಿ, ಬಣ್ಣ ಗೊತ್ತಿರೋದೂ ಈಕೀಗೆ. ಇನ್ನೇನು ಬೇಕು ನಿಮಗೆ?"

ಮಾತಿನಲ್ಲಿ ಹುಳುಕಿರಲಿಲ್ಲ. ಹುಡುಗಿಯನ್ನು ಬಿಡಿಸಲು ತಾವು ಹಾಕಿದ ಹಗ್ಗವೇ ಅವಳ ಕೊರಳಿಗೆ ಬಿದ್ದದ್ದು ಕಂಡು ತಿಪ್ಪೇರುದ್ರಸ್ವಾಮಿಗೆ ತಮ್ಮ ಮೇಲೇ ಸಿಟ್ಟು ಬಂತು.

"ರುದ್ರಾಣಿ, ಬಣ್ಣ ಬದಲಾಯಿಸೋದು ಇನ್ಯಾರಿಗೆ ಗೊತ್ತಮ್ಮ? ಯಾರಿಗಾದ್ರೂ ಕಲಿಸಿದ್ಯಾ?"

ಅವಳು ತುಟಿ ತೆರೆದಳು. ತಕ್ಷಣ ಮುಚ್ಚಿದಳು.

"ಇಲ್ಲ ಸಾರ್."

ಇದು ಸುಳ್ಳು. ಬೆಳಗಿನಿಂದ ಅವಳು ಆಡಿದ ಮೊದಲ ಸುಳ್ಳು. ಹೇಳುವಾಗ ಅವಳ ಕಣ್ಣು ಒಂದೇ ಒಂದು ಚಣ ಒಳಮನೆಯ ಬಾಗಿಲಿಗೆ ಹೋಗಿ ಬಂತು. ಅಲ್ಲಿ ಇಳಿಬಿಟ್ಟ ಬಟ್ಟೆಯ ಹಿಂದೆ ಮಜ್ಜಿಗೆ ಲೋಟದ ತಟ್ಟೆ ಹಿಡಿದು ಪಂಚಾಕ್ಷರಪ್ಪನ ಹೆಂಡತಿ ಶಿವಗಂಗಮ್ಮ ನಿಂತಿದ್ದರು. ಬೆಳಗಿನಿಂದ ಎರಡು ಸಲ ಬಂದು, ಎಲ್ಲರಿಗಿಂತ ಮೊದಲು ರುದ್ರಾಣಿಗೆ ಮಜ್ಜಿಗೆ ಕೊಟ್ಟು ಹೋಗಿದ್ದರು.

"ಹಂಗಾದ್ರೆ ಏಳಮ್ಮ," ಎಂದರು ತಿಪ್ಪೇರುದ್ರಸ್ವಾಮಿ, ಬೇಕೆಂದೇ ಗಟ್ಟಿಯಾಗಿ. "ಬೈಲಪ್ಪ, ಜೀಪು ತಿರುಗಿಸಾಕೆ ಹೇಳು. ಕೋರ್ಟಿಗೆ ಹೊತ್ತಾಯ್ತು."

ರುದ್ರಾಣಿ ಎದ್ದಳು. ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಗೆ ಕಾಲು ತೂರಿಸಿದಳು.

ತಟ್ಟೆ ಕೆಳಗೆ ಬಿತ್ತು. ಮಜ್ಜಿಗೆ ಹೊಸ್ತಿಲ ಮೇಲೆಲ್ಲ ಚೆಲ್ಲಿತು.

"ಆ ನೀಲಿ ಬಣ್ಣ ಇಟ್ಟೋಳು ನಾನು!"

ಶಿವಗಂಗಮ್ಮ ಒಳಗೆ ಬಂದು ಹುಡುಗಿಯ ಕೈ ಹಿಡಿದುಕೊಂಡರು. ನಲವತ್ತರ ಹೆಂಗಸು. ಗಂಡಸರು ಕೂತ ಕೋಣೆಯಲ್ಲಿ ಅವರ ಧ್ವನಿ ಇಷ್ಟು ಎತ್ತರಕ್ಕೆ ಎಂದೂ ಹೋಗಿರಲಿಲ್ಲವೇನೋ. ತಮ್ಮ ಧ್ವನಿಗೆ ತಾವೇ ಬೆಚ್ಚಿದಂತೆ ನಿಂತರು.

"ಲೇ, ಒಳಗ್ ಹೋಗು!" ಪಂಚಾಕ್ಷರಪ್ಪ ಗದರಿದ.

"ಮಾತಾಡಲಿ ಬಿಡ್ರಿ," ಎಂದರು ತಿಪ್ಪೇರುದ್ರಸ್ವಾಮಿ. "ಕೂರ್ರಿ ಅಮ್ಮಾ."

"ನಾನು ನ್ಯಾಮತಿಯೋಳು ಸಾರ್. ಹೊನ್ನಾಳಿಗೆ ಹೋಗಿ ಟೈಪಿಂಗ್ ಕಲ್ತಿದ್ದೆ. ಮದುವಿ ಆದ ಮ್ಯಾಲೆ ಮುಟ್ಟಲಿಲ್ಲ. ಈ ಮೆಷಿನ್ನು ಬಂದಾಗ ಮುಟ್ಟಬ್ಯಾಡ ಅಂದ್ರು ಇವ್ರು. ಮಧ್ಯಾಹ್ನ ಇವ್ರು ಮಲಗಿದಾಗ ರುದ್ರಾಣಿ ಕಲಿಸಿದ್ಲು. ಯಾರಿಗೂ ಹೇಳಲ್ಲ ಅಂತ ಆಣೆ ಹಾಕಿಸ್ಕೊಂಡಿದ್ದೆ. ಅದಕ್ಕೇ ಬಾಯಿ ಬಿಡಲಿಲ್ಲ ಈ ಮಗಳು."

"ನೀಲಿ ಯಾಕಮ್ಮ?"

ಶಿವಗಂಗಮ್ಮ ಸೆರಗಿನ ತುದಿ ಸುರುಳಿ ಸುತ್ತಿದರು. "ನಂಗೆ ಅನ್ನಿಸಿದ್ದನ್ನ ಬರ್ಕೊಂತಿದ್ದೆ. ಹೇಳ್ಕೊಳ್ಳಾಕೆ ಯಾರೂ ಇಲ್ಲ. ಕಾಗದದಾಗೆ ಬರೆದ್ರೆ ಇವ್ರ ಕೈಗೆ ಸಿಗ್ತೈತೆ. ನೆರಳು ಅಕ್ಷರದಾಗೆ ಹೊಡೆದು ನೀಲಿ ಮಾಡಿದ್ರೆ ಪುಟ ಖಾಲಿ ಕಾಣ್ತೈತೆ. ಇವ್ರು ಎದ್ದು ಬಂದು ನೋಡಿದ್ರೂ ಏನೂ ಕಾಣಲ್ಲ. ಅಷ್ಟೇ ಸಾರ್. ಆ ಬಾವಿ ಸಾಲು ನಾನು ಹೊಡೆದಿದ್ದಲ್ಲ. ಪತ್ರ ಆದ ಮ್ಯಾಲೆ ಬಣ್ಣಾನ ಬಿಳಿ ಮಾಡಿದ್ದೂ ನಾನಲ್ಲ. ನೀಲಿನಾಗೇ ಬಿಟ್ಟಿದ್ದೆ."

ಎಂಥ ಒಂಟಿತನ ಇದ್ದರೆ ಮನುಷ್ಯ ತಾನು ಬರೆದದ್ದು ತನಗೇ ಕಾಣದಂತೆ ಬರೆದಾನು! ತಿಪ್ಪೇರುದ್ರಸ್ವಾಮಿ ಕಂಪ್ಯೂಟರಿನ ಕಡೆ ಬೆರಳು ಮಾಡಿದರು.

"ಅದು ಇನ್ನೂ ಇದೆಯಾ ಇದರೊಳಗೆ?"

"ಐತೆ. ದುರುಗಪ್ಪ ಇಲ್ಲಿಗೆ ಬಂದು ಇವ್ರ ಜೊತೆ ಕೂತ ದಿನದ್ದೂ ಐತೆ. ಅಡಿಗಿ ಮನಿಗೆ ಕೇಳಿಸಿದಷ್ಟು ಬರೆದೀನಿ. ಆವಾಗ ಅರ್ಥ ಆಗಲಿಲ್ಲ. ಆಮ್ಯಾಲೆ ಆಯ್ತು, ಹೆದರಿ ಸುಮ್ಮನಿದ್ದೆ."

ಮಾತು ಮುಗಿದಿರಲಿಲ್ಲ. ಪಂಚಾಕ್ಷರಪ್ಪ ಕೀಲಿಮಣೆಯ ಮೇಲೆ ಬಿದ್ದ. ತೋರುಬೆರಳಿನಿಂದ ಹೇನು ಹುಡುಕುತ್ತಿದ್ದವನ ಹತ್ತೂ ಬೆರಳು ಗುಂಡಿಗಳ ಮೇಲೆ ಹರಿದಾಡಿದವು. ಕೆಳಗೆ ನೋಡಲೂ ಇಲ್ಲ. ಪತ್ರ ಮಾಯವಾಯಿತು, ಕಡತಗಳ ಸಾಲು ಬಂತು, ಬೆಳಕಿನ ಪಟ್ಟಿ ಸರಸರನೆ ಇಳಿದು ಒಂದು ಹೆಸರಿನ ಮೇಲೆ ನಿಂತಿತು. ಪರದೆ ಕೇಳಿತು: ಅಳಿಸಲೇ? ಹೌದು, ಇಲ್ಲ.

ತಿಪ್ಪೇರುದ್ರಸ್ವಾಮಿ ಅವನ ಮಣಿಕಟ್ಟು ಹಿಡಿದರು.

"ಕಂಪ್ಯೂಟರ್ ಬರಲ್ಲ ಅಂದ್ರಲ್ಲ ಸಾಹುಕಾರ್ರೆ?"

ಪಂಚಾಕ್ಷರಪ್ಪನ ಹಣೆಯಲ್ಲಿ ವಿಭೂತಿ ಬೆವರಿಗೆ ಕರಗಿ ಇಳಿಯುತ್ತಿತ್ತು. ಬೈಲಪ್ಪ ಅವನನ್ನು ಹಿಂದಕ್ಕೆಳೆದು ಕುರ್ಚಿಯಲ್ಲಿ ಕೂರಿಸಿದ.

ಆದರೆ ಶಿವಗಂಗಮ್ಮ ನೋಡುತ್ತಿದ್ದದ್ದು ಅವನ ಬೆವರನ್ನಲ್ಲ. ಆ ಹೆಸರಿನ ಮೇಲೆ ನಿಂತ ಬೆಳಕಿನ ಪಟ್ಟಿಯನ್ನು. ಅಷ್ಟು ಕಡತಗಳಲ್ಲಿ ಅವರದು ಯಾವುದೆಂದು ಯಾರೂ ಹೇಳಿರಲಿಲ್ಲ.

"ಅಂದ್ರೆ," ಎಂದರು ಮೆಲ್ಲಗೆ, "ನೀವು ಓದೀರಿ."

ಅವನು ತಲೆ ಎತ್ತಲಿಲ್ಲ.

"ಎಲ್ಲಾನೂ ಓದೀರಿ. ನಮ್ಮವ್ವ ಸತ್ತಾಗ ಬರೆದಿದ್ದು, ನಿಮ್ಮ ಬಗ್ಗೆ ಬರೆದಿದ್ದು. ಓದಿ ಓದಿ, ಏನೂ ಗೊತ್ತಿಲ್ಲದೋರಂಗೆ ನಾನು ಬಡಿಸಿದ್ದು ಉಂಡೀರಿ. ಕೊನೀಗೆ ನಾನು ಮುಖ ಮುಚ್ಕೊಂಡ ಬಟ್ಟೆನೇ ಕಿತ್ಕೊಂಡು ಈ ಅಜ್ಜಿ ಬಾವಿ ಮ್ಯಾಗೆ ಹೊದಿಸೀರಿ."

ಪರದೆ ಇನ್ನೂ ಕೇಳುತ್ತಲೇ ಇತ್ತು: ಹೌದು, ಇಲ್ಲ.

"ಅಮ್ಮಾ, ನಿಮ್ಮ ಗುಟ್ಟು ನಿಮ್ಮದು," ಎಂದರು ತಿಪ್ಪೇರುದ್ರಸ್ವಾಮಿ. "ನಾನು ಬಲವಂತ ಮಾಡಲ್ಲ. ಆದ್ರೆ ಆ ಪುಟ ಇಲ್ಲದಿದ್ರೆ ಈ ಹುಡುಗಿ ಇವತ್ತು ಸಂಜೆ..."

ಶಿವಗಂಗಮ್ಮ ಕೈ ಚಾಚಿ 'ಇಲ್ಲ' ಒತ್ತಿದರು. ಕಡತ ತೆರೆದರು. ಪುಟದ ಮೇಲೆ ಪುಟ ಸರಿಸಿ ಕೊನೆಗೆ ಬಂದರು. ಪರದೆಯ ತುಂಬ ನೀಲಿ, ಮಧ್ಯಾಹ್ನದ ಸೂಳೆಕೆರೆಯಷ್ಟು ಖಾಲಿ.

"ಬಿಳಿ ಮಾಡು ಮಗಾ. ಎಲ್ಲರಿಗೂ ಕಾಣಲಿ. ಕೊನೀ ಪುಟ ಗಟ್ಟಿಯಾಗಿ ಓದು. ಈ ಸಲ ಒಂದಕ್ಷರಾನೂ ಬಿಡಬ್ಯಾಡ," ಎಂದರು ಶಿವಗಂಗಮ್ಮ, ತಿಪ್ಪೇರುದ್ರಸ್ವಾಮಿಯ ಮುಖದಿಂದ ಕಣ್ಣು ಕೀಳದೆ.

ರುದ್ರಾಣಿ ಚಪ್ಪಲಿ ಬಿಟ್ಟು ಬಂದು ಕೂತಳು. ಬಣ್ಣದ ಪಟ್ಟಿ ತೆರೆದಳು, ಮುಚ್ಚಿದಳು. ನೀಲಿಯೊಳಗಿಂದ ಸಾಲು ಸಾಲಾಗಿ ಬಿಳಿ ಅಕ್ಷರ ಎದ್ದು ಬಂತು. ಭೀಮಕ್ಕ ಗೋಡೆ ಬಿಟ್ಟು ಮುಂದೆ ಸರಿದಳು. ಓದಲು ಬಾರದ ಕಣ್ಣನ್ನು ಪರದೆಗೆ ನೆಟ್ಟಳು.

"ಇವತ್ತು ಜಗಳೂರಿನ ದುರುಗಪ್ಪ ಬಂದಿದ್ದ," ಹುಡುಗಿಯ ಧ್ವನಿ ಗಟ್ಟಿಯಾಯಿತು. "ಬಾವಿಯ ಮಾತು ಮೂರು ಸಲ ಬಂತು. ಪರದೆಯಲ್ಲಿ ಕಾಣಬಾರದು, ಕಾಗದದಲ್ಲಿ ಬರಬೇಕು ಅಂದರು ಇವರು. ಹೇಗೆ ಅಂತ ಅವನು ಕೇಳಿದ. ಅದು ನನಗೆ ಬಿಡು ಅಂದರು. ನಾಳೆ ಜನ ಎದ್ದು ಪೊಲೀಸಿಗೆ ಹೋದರೆ ಏನು ಗತಿ ಅಂತ ಇವರೇ ಕೇಳಿದರು..."

ಸಾಕು, ಗೆದ್ದೆವು ಎಂದುಕೊಂಡರು ತಿಪ್ಪೇರುದ್ರಸ್ವಾಮಿ. ಬೈಲಪ್ಪನಿಗೆ ಜೀಪು ನಿಲ್ಲಿಸಲು ಕಣ್ಸನ್ನೆ ಮಾಡಿದರು.

ಓದು ನಿಂತಿತ್ತು.

"ಯಾಕಮ್ಮ? ಮುಂದೆ ಓದು."

ರುದ್ರಾಣಿ ಕೀಲಿಮಣೆಯಿಂದ ಕೈ ತೆಗೆದಳು. ಸ್ಟೂಲು ಮೆಲ್ಲಗೆ ಹಿಂದೆ ಸರಿಯಿತು, ಅವರಿಂದ ದೂರ, ಭೀಮಕ್ಕನ ಕಡೆಗೆ. ಮುದುಕಿಯ ಸೆರಗು ಹಿಡಿದುಕೊಂಡಳು. ಕುರ್ಚಿಯಲ್ಲಿ ಪಂಚಾಕ್ಷರಪ್ಪ ಮೊದಲ ಬಾರಿಗೆ ತಲೆ ಎತ್ತಿದ. ಅವನ ತುಟಿಯ ಕೊನೆಯಲ್ಲಿ ನಗು ಇತ್ತು.

ತಿಪ್ಪೇರುದ್ರಸ್ವಾಮಿ ತಾವೇ ಬಗ್ಗಿ ಮುಂದಿನ ಸಾಲು ಓದಿದರು.

'ಹೆದರಬೇಡ ಸಾಹುಕಾರ ಅಂದ ದುರುಗಪ್ಪ. ಜಗಳೂರಿನ ಸಬ್ ಇನ್‌ಸ್ಪೆಕ್ಟರ್ ತಿಪ್ಪೇರುದ್ರಸ್ವಾಮಿಯನ್ನ ಜಿಲ್ಲೆ ದಾಟಿಸಿ ಚನ್ನಗಿರಿಗೇ ಹಾಕಿಸಿದ್ದೀನಿ. ಅವನು ನಮ್ಮ ಮನುಷ್ಯ.'

ಅವರ ಮೇಲೆ ಯಾವ ದೂರೂ ಇಲ್ಲದೆ, ಕಾರಣವೂ ಇಲ್ಲದೆ, ರಾತ್ರೋರಾತ್ರಿ ಬಂದಿತ್ತು ಆ ವರ್ಗಾವಣೆಯ ಆದೇಶ. ಯಾಕೆಂದು ಅವರಿಗೆ ಇಂದಿಗೂ ಗೊತ್ತಿರಲಿಲ್ಲ. ಜಗಳೂರಿನಲ್ಲಿದ್ದಷ್ಟು ದಿನವೂ ದುರುಗಪ್ಪನ ಮುಖವನ್ನೇ ಅವರು ನೋಡಿರಲಿಲ್ಲ. ಬಾಗಿಲಿಗೆ ಹೊರಟಿದ್ದ ಬೈಲಪ್ಪ ಅವರ ಹೆಗಲ ಮೇಲಿಂದ ಅದನ್ನೇ ಓದಿ, ಬಿಟ್ಟ ಕಣ್ಣು ಬಿಟ್ಟಂತೆ ನಿಂತಿದ್ದ.

"ಸಾರ್," ಎಂದಳು ರುದ್ರಾಣಿ, ಸೆರಗಿನ ಮರೆಯಿಂದಲೇ. "ನೀವೂನಾ?"